ರಾತ್ರಿಗೆ ಟೀ, ಬನ್ನು ಸಾಕೇ?

ಮಾನ್ಯ ಸಂಪಾದಕರೇ,

ಅರವತ್ತು ದಾಟಿದವರು ಓಟ್ಸ್, ಬಾದಾಮಿ, ಆವಕಾಡೊ ತಿನ್ನಬೇಕೆಂದು ನಿಮ್ಮ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತದೆ. ಬರಲಿ. ಆದರೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ನಮ್ಮಂಥವರ ತಟ್ಟೆಯ ಕಥೆಯೇ ಬೇರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಒಬ್ಬರಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ ಅಂತ ರಾತ್ರಿಗೆ ಟೀ, ಬನ್ನು. ಸಕ್ಕರೆ ಕಾಯಿಲೆಗೆ ಹೆದರಿ ಮುದ್ದೆ ಬಿಟ್ಟವರೂ ಮೈದಾ ಬನ್ನನ್ನು ಸಲೀಸಾಗಿ ತಿನ್ನುತ್ತಾರೆ. ಕೇಳಿದರೆ 'ಲೈಟ್ ಊಟ' ಅಂತಾರೆ!

ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಅದಕ್ಕೆ ಪ್ರೋಟೀನ್ ಬೇಕು, ನಡಿಗೆಯೂ ಬೇಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅಷ್ಟೇ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು, ಕಾಳಿಗೆ ಸಬ್ಬಸಿಗೆ ಸೊಪ್ಪು ಹಾಕಿ ಪಲ್ಯ, ಮೊದಲಿನ ಅರ್ಧದಷ್ಟು ಮುದ್ದೆ. (ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಿ.) ಉಪ್ಪು ಮಾತ್ರ ದಿನಕ್ಕೆ 5 ಗ್ರಾಂ ಒಳಗೇ ಇರಬೇಕು, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ.

ಊಟಕ್ಕಿಂತ ನನಗೆ ಹೆಚ್ಚು ಚಿಂತೆ ಕಿವಿಯದ್ದು. ನಮ್ಮ ಬೆಂಚಿನ ಹಿರಿಯರೊಬ್ಬರು, ಸಕಲೇಶಪುರದ ಕಡೆ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದವರು, ಏನು ಹೇಳಿದರೂ 'ಹೂಂ' ಅನ್ನತೊಡಗಿದರು. ಯಾರದೋ ಸಾವಿನ ಸುದ್ದಿಗೆ ನಕ್ಕುಬಿಟ್ಟರು. ಆಮೇಲೆ ಪಾರ್ಕಿಗೆ ಬರುವುದನ್ನೇ ಬಿಟ್ಟರು. ಕನ್ನಡಕಕ್ಕಿಲ್ಲದ ನಾಚಿಕೆ ಕಿವಿ ಮೆಷಿನ್ನಿಗೆ ಯಾಕೋ ಗೊತ್ತಿಲ್ಲ. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಅಂಶಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರೊಂದಿಗೆ ಬೆರೆಯದಿರುವುದೂ ಇದೆ. ಇವರ ವಿಷಯದಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬಂದಿತ್ತು.

ಕೊನೆಗೆ ಅವರ ಮಗಳು ಬಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಹೇಳಿಕೊಟ್ಟವನು ನಾನೇ. ಕಂಡಕ್ಟರ್ ಬುದ್ಧಿ ಹೋಗುತ್ತದೆಯೇ? ಈಗ ಮೆಷಿನ್ ಹಾಕಿಕೊಂಡು ಬರುತ್ತಾರೆ, ರಾಜಕೀಯದ ಜಗಳಕ್ಕೆ ಅವರೇ ಮುಂದು.

ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಈ ಮೆಷಿನ್ ಉಚಿತ. 2017ರಲ್ಲೇ ಶುರುವಾದ ಈ ಯೋಜನೆ ನಮ್ಮ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಿಲ್ಲೆಯಲ್ಲಿ ತಪಾಸಣಾ ಶಿಬಿರ ಯಾವಾಗ, ಎಲ್ಲಿ ನಡೆಯುತ್ತದೆ, ಯಾವ ಕಾಗದಪತ್ರ ತರಬೇಕು ಎಂಬುದನ್ನು ಆವಕಾಡೊ ಜಾಗದಲ್ಲಿ ಒಂದು ವಾರ ಪ್ರಕಟಿಸಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.

– ನಿವೃತ್ತ ಬಸ್ ಕಂಡಕ್ಟರ್, ಹಾಸನ