"ಹಾಗೆಲ್ಲ ಯೋಚಿಸಬೇಡ" ಅನ್ನುವ ಮೊದಲು: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಪರೀಕ್ಷೆ ಹತ್ತಿರ ಬರುತ್ತಿದೆ. ವೇಳಾಪಟ್ಟಿ, ಪಾಠಗಳ ಪಟ್ಟಿ ಎಲ್ಲವೂ ಮಕ್ಕಳ ಡೈರಿಯಲ್ಲಿ ಬರುತ್ತವೆ. ಈ ಪತ್ರ ಅದಕ್ಕಲ್ಲ. ಈ ದಿನಗಳಲ್ಲಿ ಮಕ್ಕಳ ಬಾಯಲ್ಲಿ ಕೆಲವು ಮಾತುಗಳು ಜಾಸ್ತಿ ಕೇಳುತ್ತಿವೆ. "ನಂಗೆ ಗಣಿತ ಬರಲ್ಲ." "ಎಷ್ಟು ಓದಿದ್ರೂ ತಲೆಗೆ ಹೋಗಲ್ಲ." "ಫೇಲ್ ಆಗೇ ಆಗ್ತೀನಿ." "ಕ್ಲಾಸಲ್ಲಿ ಯಾರಿಗೂ ನಾನು ಇಷ್ಟ ಇಲ್ಲ." ನಿಮ್ಮ ಮನೆಯಲ್ಲೂ ಇಂಥದ್ದು ಕೇಳಿಸಿರಬಹುದು.

ಕೇಳಿದ ಕೂಡಲೇ ನಾವು ದೊಡ್ಡವರು ಏನು ಹೇಳುತ್ತೇವೆ? "ಹಾಗೆಲ್ಲ ಯೋಚಿಸಬೇಡ. ಪಾಸಿಟಿವ್ ಆಗಿರು." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಮಗುವಿನ ಮನಸ್ಸು ಹಗುರಾಗುವುದಿಲ್ಲ. ಎಷ್ಟೋ ಸಲ ಮಗು ಮುಂದಿನ ಸಲದಿಂದ ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅದೇ.

ಬೇಡ ಅಂದರೆ ಯೋಚನೆ ಯಾಕೆ ಹೋಗುವುದಿಲ್ಲ? 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಅವರ ಜೊತೆಗಾರರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ, 5 ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಲೇಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ ಅದೇ ವಿದ್ಯಾರ್ಥಿಗಳಿಗೆ, ಈಗ ಬೇಕಾದರೆ ಕರಡಿಯ ಬಗ್ಗೆ ಯೋಚಿಸಿ ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಅದು ಜಾಸ್ತಿ ನೆನಪಾಯಿತು. ಒಂದು ಕರಡಿಯ ವಿಷಯದಲ್ಲೇ ಹೀಗಾದರೆ, "ನಾನು ದಡ್ಡ" ಅನ್ನುವ ಯೋಚನೆಯನ್ನು ಹತ್ತು ವರ್ಷದ ಮಗು ಹೇಗೆ ಓಡಿಸಬೇಕು?

ಹಾಗಾಗಿ ಈ ತಿಂಗಳು ನಿಮ್ಮಲ್ಲಿ ನನ್ನದೊಂದು ಕೋರಿಕೆ. ಬೇಡದ ಯೋಚನೆಯನ್ನು ಓಡಿಸುವುದು ಬಿಟ್ಟು, ಅದನ್ನು ಕೂರಿಸಿಕೊಂಡು ವಿಚಾರಿಸೋಣ. ಮಕ್ಕಳಿಗೂ ಅದನ್ನೇ ಕಲಿಸೋಣ.

ಅದಕ್ಕೂ ಮೊದಲು ಮೈಯನ್ನು ನೋಡಿಕೊಳ್ಳಬೇಕು. ಭಯವಾದಾಗ ಮೆದುಳು ಎದುರಿಗೆ ಅಪಾಯವಿದೆ ಅಂದುಕೊಳ್ಳುತ್ತದೆ. ಪ್ರಶ್ನೆಪತ್ರಿಕೆಯ ಭಯಕ್ಕೂ ಓಡಿಸಿಕೊಂಡು ಬರುವ ಪ್ರಾಣಿಯ ಭಯಕ್ಕೂ ಮೈ ಸುಮಾರು ಒಂದೇ ರೀತಿ ತಯಾರಾಗುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಅಂಗೈ ಬೆವರುತ್ತದೆ. ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಹೋರಾಡು ಇಲ್ಲವೇ ಓಡು ಅನ್ನುವ ಈ ತಯಾರಿಯನ್ನು ವಾಲ್ಟರ್ ಕ್ಯಾನನ್ ಅನ್ನುವ ವಿಜ್ಞಾನಿ 1915ರಲ್ಲೇ ವಿವರಿಸಿದ್ದರು. ಶಾಲೆಗೆ ಹೊರಡುವ ಹೊತ್ತಿಗೆ ಮಗುವಿಗೆ ಬರುವ ಹೊಟ್ಟೆನೋವು ಎಷ್ಟೋ ಸಲ ಇದರಿಂದಲೇ ಬಂದಿರುತ್ತದೆ. ಅದು ನಾಟಕವಲ್ಲ. ನೋವು ನಿಜವಾದದ್ದೇ. (ಪದೇ ಪದೇ ಬರುತ್ತಿದ್ದರೆ ಒಮ್ಮೆ ಡಾಕ್ಟರಿಗೂ ತೋರಿಸಿ, ಎಲ್ಲವನ್ನೂ ಟೆನ್ಷನ್ ಲೆಕ್ಕಕ್ಕೆ ಹಾಕುವುದೂ ತಪ್ಪಾಗುತ್ತದೆ.)

ಮೈ ಇಷ್ಟು ಕಾವೇರಿದಾಗ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ. ನಿಧಾನಿಸಿ ಯೋಚಿಸುವುದು, ಆವೇಶವನ್ನು ತಡೆಯುವುದು ಮೆದುಳಿನ ಮುಂಭಾಗದ ಕೆಲಸ. ಅದು ಪೂರ್ತಿ ಬೆಳೆಯುವುದಕ್ಕೆ ಇಪ್ಪತ್ತೈದರ ಆಸುಪಾಸು ಆಗಬೇಕು. ಅಳುತ್ತಿರುವ ಮಗುವಿಗೆ ಅಲ್ಲೇ ಪಾಠ ಹೇಳಬೇಡಿ. ಜೊತೆಗೆ ಕೂತು ನಿಧಾನವಾಗಿ ಉಸಿರಾಡಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ತಗ್ಗುತ್ತದೆ. ಎರಡು ಮೂರು ನಿಮಿಷ ಸಾಕು. ಆದರೆ ಇದನ್ನು ಮಗು ಆರಾಮಾಗಿರುವ ಹೊತ್ತಿನಲ್ಲಿ, ಆಟದ ಹಾಗೆ, ಮೊದಲೇ ಕಲಿಸಿಡಬೇಕು. ಪರೀಕ್ಷಾ ಕೋಣೆಯಲ್ಲಿ ಮೊದಲ ಸಲ ಪ್ರಯತ್ನಿಸಿದರೆ ಅದೂ ಇನ್ನೊಂದು ಪರೀಕ್ಷೆಯೇ ಆಗುತ್ತದೆ.

ಈಗ ಯೋಚನೆಯ ವಿಷಯಕ್ಕೆ ಬರೋಣ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಖಿನ್ನತೆಯಿಂದ ಬಳಲುವವರ ಜೊತೆ ಕೆಲಸ ಮಾಡುತ್ತಾ ಒಂದು ವಿಷಯ ಗಮನಿಸಿದರು. ಆ ರೋಗಿಗಳ ಮನಸ್ಸಿನಲ್ಲಿ ತಮ್ಮ ಬಗ್ಗೆ ಚುಟುಕಾದ, ಕಠೋರವಾದ ಮಾತುಗಳು ತಾವಾಗಿಯೇ ಹಾದುಹೋಗುತ್ತಿದ್ದವು. ಯಾರೂ ಅವನ್ನು ಕರೆದಿರುವುದಿಲ್ಲ, ಪರೀಕ್ಷಿಸಿಯೂ ಇರುವುದಿಲ್ಲ, ಸುಮ್ನೆ ನಂಬಿಬಿಟ್ಟಿರುತ್ತಾರೆ. ಇವತ್ತು ಸಿಬಿಟಿ ಅಂತ ಕರೆಯುವ, ಯೋಚನೆ ಮತ್ತು ನಡವಳಿಕೆಯನ್ನು ಮಾತುಕತೆಯ ಮೂಲಕ ತಿದ್ದುವ ಚಿಕಿತ್ಸೆ ಬೆಳೆದದ್ದು ಈ ಗಮನಿಕೆಯಿಂದಲೇ. ಚಿಕಿತ್ಸೆ ತಜ್ಞರ ಕೆಲಸ. ಆದರೆ ಅದರೊಳಗಿನ ಒಂದು ಅಭ್ಯಾಸವನ್ನು ನಾವು ಮನೆಯಲ್ಲಿ ದಿನವೂ ಬಳಸಬಹುದು. ಯೋಚನೆ ಬಂದಾಗ "ಇದು ನಿಜವಾ?" ಅಂತ ಕೇಳುವುದು.

ಮಕ್ಕಳ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. "ಯಾವಾಗಲೂ", "ಯಾರೂ", "ಏನೂ", "ಎಲ್ಲಾ" ಈ ಪದಗಳು ಬಂದರೆ ಅಲ್ಲಿ ವಿಚಾರಿಸುವುದಕ್ಕೆ ಜಾಗವಿದೆ ಅಂತ ಅರ್ಥ. ಒಂದು ಮಾತುಕತೆ ಹೀಗೆ ಸಾಗಬಹುದು:

"ಅಮ್ಮಾ, ನಂಗೆ ಗಣಿತ ಬರಲ್ಲ."

"ತುಂಬಾ ಬೇಜಾರಾಗಿದೆ ಅನ್ಸುತ್ತೆ. ಯಾವುದು ಕಷ್ಟ ಆಯ್ತು?"

"ಎಲ್ಲಾ."

"ಎಲ್ಲಾನೂ? ಪುಸ್ತಕ ತಗೊಂಡು ಬಾ, ಇಬ್ರೂ ನೋಡೋಣ. ಇದು ಬರುತ್ತಾ?"

"ಅದು ಬರುತ್ತೆ. ಭಿನ್ನರಾಶಿ ಕೂಡೋದು ಬರುತ್ತೆ. ಭಾಗಿಸೋದು ಬರಲ್ಲ."

ಇಲ್ಲಿ ಏನಾಯಿತು ನೋಡಿ. ಅಮ್ಮ ಮೊದಲು ಬೇಜಾರನ್ನು ಒಪ್ಪಿಕೊಂಡರು. ಆಮೇಲೆ ಪ್ರಶ್ನೆ ಕೇಳಿದರು. ಇಡೀ ಗಣಿತದಷ್ಟು ದೊಡ್ಡದಿದ್ದ ಸಂಕಟ ಒಂದು ಬಗೆಯ ಲೆಕ್ಕಕ್ಕೆ ಇಳಿಯಿತು. ಅದನ್ನು ನಾಳೆ ಟೀಚರ್ ಹತ್ತಿರ ಕೇಳಬಹುದು, ಎರಡು ದಿನ ಕೂತು ಕಲಿಯಬಹುದು. ಅಮ್ಮ "ನೀನು ತುಂಬಾ ಜಾಣೆ, ನಿನಗೆ ಎಲ್ಲಾ ಬರುತ್ತೆ" ಅನ್ನಲಿಲ್ಲ ಅನ್ನುವುದನ್ನೂ ಗಮನಿಸಿ. ಹಾಗಂದಿದ್ದರೆ ಮಗು ನಂಬುತ್ತಿರಲಿಲ್ಲ. ತನ್ನ ಪುಸ್ತಕದಲ್ಲಿರುವ ಕೆಂಪು ಗುರುತುಗಳು ಅದಕ್ಕೆ ಗೊತ್ತು. ನಮಗೆ ಬೇಕಾಗಿರುವುದು ಬಣ್ಣ ಬಳಿದ ಯೋಚನೆ ಅಲ್ಲ, ಸರಿಯಾದ ಯೋಚನೆ. "ಭಾಗಿಸೋದು ಇನ್ನೂ ಬಂದಿಲ್ಲ, ಕಲಿಯಬೇಕು" ಅನ್ನುವುದು ಸರಿಯಾದದ್ದು.

ದೊಡ್ಡ ಮಕ್ಕಳಲ್ಲಿ ಇನ್ನೆರಡು ರೀತಿ ಜಾಸ್ತಿ ಕಾಣುತ್ತವೆ. ಒಂದು, ಭವಿಷ್ಯ ಹೇಳುವುದು: "ಇದರಲ್ಲಿ ಮಾರ್ಕ್ಸ್ ಹೋದ್ರೆ ನನ್ನ ಲೈಫೇ ಮುಗೀತು." ಇನ್ನೊಂದು, ಬೇರೆಯವರ ಮನಸ್ಸು ಓದುವುದು: "ಅವಳು ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ನನ್ನ ಮೇಲೆ ಸಿಟ್ಟಿದೆ." ಇಲ್ಲಿ ವಾದ ಮಾಡಿದರೆ ನೀವೇ ಸೋಲುತ್ತೀರಿ. "ಬೇರೆ ಏನು ಕಾರಣ ಇರಬಹುದು?", "ಇದೇ ಮಾತನ್ನು ನಿನ್ನ ಫ್ರೆಂಡ್ ಹೇಳಿದ್ದರೆ ನೀನು ಅವಳಿಗೆ ಏನಂತಿದ್ದೆ?" ಅಂತ ಕೇಳಿ, ಸುಮ್ಮನಿರಿ. ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟ. ಮಕ್ಕಳು ಗೆಳೆಯರ ಮೇಲೆ ತೋರಿಸುವ ಕರುಣೆಯನ್ನು ತಮ್ಮ ಮೇಲೆ ತೋರಿಸುವುದಿಲ್ಲ.

ಆದರೆ ಕೆಲವು ಸಲ ಯೋಚನೆ ನಿಜವೇ ಆಗಿರುತ್ತದೆ. ಮಗು ನಿಜಕ್ಕೂ ಫೇಲ್ ಆಗಿರುತ್ತದೆ. ಗೆಳತಿ ನಿಜಕ್ಕೂ ಬಿಟ್ಟುಹೋಗಿರುತ್ತಾಳೆ. ಮನೆಯಲ್ಲಿ ನಿಜಕ್ಕೂ ಕಷ್ಟ ಬಂದಿರುತ್ತದೆ. ಆಗ ವಿಚಾರಣೆ ಬೇಡ. ಪಕ್ಕದಲ್ಲಿ ಕೂರಿ. "ಈಗ ನಾನು ಬರೀ ಕೇಳ್ಬೇಕಾ, ಇಲ್ಲ ಏನಾದ್ರೂ ಮಾಡ್ಬೇಕಾ?" ಅಂತ ಅವರನ್ನೇ ಕೇಳಿ. ಮಕ್ಕಳು ಉತ್ತರ ಸ್ಪಷ್ಟವಾಗಿ ಕೊಡುತ್ತಾರೆ. ದುಃಖ ಸ್ವಲ್ಪ ಇಳಿದ ಮೇಲೆ, ಇದರಲ್ಲಿ ನಮ್ಮ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಜೊತೆಗೆ ನೋಡಿದರೆ ಆಯಿತು.

ರಾತ್ರಿ ಮಲಗಿದ ಮೇಲೆ ಚಿಂತೆ ಶುರುವಾಗುವ ಮಕ್ಕಳಿಗೆ ಬರೆಯುವುದು ಒಳ್ಳೆಯದು. ಸಂಜೆ ಒಂದು ಹದಿನೈದು ನಿಮಿಷ ಚಿಂತೆಗೇ ಅಂತ ಇಡಿ. ಆಗ ಮನಸ್ಸಿನಲ್ಲಿರುವುದನ್ನೆಲ್ಲ ಬರೆಯಲಿ, ಅಥವಾ ಹೇಳಲಿ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ನಾಳೆ ಸಂಜೆ ನೋಡೋಣ" ಅಂತ ಒಂದು ಸಾಲು ಬರೆದಿಟ್ಟು ಮಲಗಲಿ. ಬೇಡ ಅನ್ನುವುದಕ್ಕಿಂತ ಆಮೇಲೆ ಅನ್ನುವುದು ಮನಸ್ಸಿಗೆ ಸುಲಭ. ಪರೀಕ್ಷೆಗೆ ಮೊದಲು ಬರೆಯುವುದರ ಬಗ್ಗೆಯೂ ಅಧ್ಯಯನ ನಡೆದಿದೆ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪರೀಕ್ಷೆಯ ಭಯ ಹೆಚ್ಚಿರುವ ವಿದ್ಯಾರ್ಥಿಗಳು ಮೊದಲು 10 ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದಾಗ ಪರೀಕ್ಷೆ ಚೆನ್ನಾಗಿ ಮಾಡಿದರು. ಈ ಸಲ ನಮ್ಮ ಶಾಲೆಯಲ್ಲೂ ಬೇಕು ಅನ್ನುವ ಮಕ್ಕಳಿಗೆ ಪರೀಕ್ಷೆಗೆ ಮೊದಲು ಒಂದು ಖಾಲಿ ಹಾಳೆ, 10 ನಿಮಿಷ ಕೊಡುತ್ತೇವೆ. ಬರೆದದ್ದನ್ನು ಯಾರೂ ಓದುವುದಿಲ್ಲ. ಎಲ್ಲ ಮಕ್ಕಳಿಗೂ ಇದು ಒಗ್ಗುವುದಿಲ್ಲ, ಆದ್ದರಿಂದ ಬಲವಂತವೂ ಇಲ್ಲ.

ನಿದ್ದೆ, ಆಟದ ಬಗ್ಗೆ ನಿಮಗೆ ಗೊತ್ತಿರುವುದೇ. ಆದರೂ ಅಂಕಿಗಳನ್ನು ಹೇಳುತ್ತೇನೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. 17 ವರ್ಷದವರೆಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆ ಬಂತು ಅಂತ ಆಟ ನಿಲ್ಲಿಸಬೇಡಿ. ಇನ್ನೊಂದು ಪಾಠವೋ, ಇನ್ನೊಂದು ಗಂಟೆ ನಿದ್ದೆಯೋ ಅನ್ನುವ ಪ್ರಶ್ನೆ ಬಂದರೆ ನಿದ್ದೆಯನ್ನೇ ಆರಿಸಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಫೋನ್ ರಾತ್ರಿ ಮಲಗುವ ಕೋಣೆಯ ಹೊರಗಿರಲಿ, ನಿಮ್ಮದೂ ಸೇರಿ.

ನಿಮ್ಮ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ನಿಮ್ಮ ತಲೆಯ ಮೇಲೂ ಎಷ್ಟೋ ಭಾರವಿದೆ ಅಂತ ನನಗೆ ಗೊತ್ತು. ಕೆಲಸ, ಸಾಲ, ವಯಸ್ಸಾದ ಹಿರಿಯರು. ಅದನ್ನು ಮಕ್ಕಳಿಂದ ಮುಚ್ಚಿಡಲು ಆಗುವುದಿಲ್ಲ. ನಿಮ್ಮ ಮುಖ ನೋಡಿಯೇ ಅವರು ತಿಳಿಯುತ್ತಾರೆ, ಕಾರಣ ಗೊತ್ತಿಲ್ಲದಿದ್ದರೆ ತಾನೇ ಏನೋ ತಪ್ಪು ಮಾಡಿದ್ದೇನೆ ಅಂದುಕೊಳ್ಳುತ್ತಾರೆ. "ಇವತ್ತು ಕೆಲಸದಲ್ಲಿ ತುಂಬಾ ಟೆನ್ಷನ್ ಆಯ್ತು. ನಿನ್ನ ಮೇಲೆ ಕೋಪ ಇಲ್ಲ. ಹತ್ತು ನಿಮಿಷ ನಡೆದು ಬರ್ತೀನಿ" ಅಂತ ಹೇಳಿ ನೋಡಿ. ಒತ್ತಡವನ್ನು ಹೇಗೆ ನಿಭಾಯಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. "ನಾನು ಒಳ್ಳೆ ಅಪ್ಪ ಅಲ್ಲ", "ನನ್ನಿಂದ ಏನೂ ಸರಿಯಾಗಿ ಆಗಲ್ಲ" ಅನ್ನುವ ಯೋಚನೆ ನಿಮಗೇ ಬಂದರೆ, ಮಕ್ಕಳಿಗೆ ಕೇಳುವ ಅದೇ ಪ್ರಶ್ನೆಗಳನ್ನು ನಿಮಗೂ ಕೇಳಿಕೊಳ್ಳಿ.

ಇಷ್ಟೆಲ್ಲ ಮನೆಯಲ್ಲಿ ಮಾಡುವಂಥದ್ದು. ಆದರೆ ಎರಡು ವಾರಕ್ಕಿಂತ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಇಷ್ಟದ ಆಟವೂ ಬೇಡವಾಗಿದ್ದರೆ, ಶಾಲೆಗೆ ಬರುವುದಕ್ಕೇ ಹೆದರುತ್ತಿದ್ದರೆ ಡಾಕ್ಟರ್ ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಮಗು ಸಾಯುವ ಮಾತಾಡಿದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳುವುದಕ್ಕೆ ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ.

ಮನೆಯಲ್ಲಿ ಏನಾದರೂ ಬದಲಾವಣೆ ಆಗಿದ್ದರೆ, ಯಾರಿಗಾದರೂ ಹುಷಾರಿಲ್ಲ, ಯಾರೋ ತೀರಿಕೊಂಡಿದ್ದಾರೆ, ಮನೆ ಬದಲಾಗಿದೆ ಅಂತಿದ್ದರೆ ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿ. ಕಾರಣ ಪೂರ್ತಿ ಹೇಳಬೇಕಾಗಿಲ್ಲ. ನನ್ನನ್ನು ಕಾಣಬೇಕು ಅನ್ನಿಸಿದರೆ ಬೆಳಿಗ್ಗೆ ತರಗತಿಗಳು ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲು ನನ್ನ ಕೋಣೆಯಲ್ಲಿ ಇರುತ್ತೇನೆ. ಮೊದಲೇ ತಿಳಿಸದೆಯೂ ಬರಬಹುದು. ಆ ಹೊತ್ತಿಗೆ ಬರಲು ಆಗದವರು ಡೈರಿಯಲ್ಲಿ ಬರೆದು ಕಳಿಸಿ, ಸಂಜೆ ನಾನೇ ಫೋನ್ ಮಾಡುತ್ತೇನೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ