ಆಟದಲ್ಲಿ ಫ್ಲ್ಯಾಶ್ ಹೊಡೆಯಬೇಡಿ

ಮಾನ್ಯರೇ,

ಯಕ್ಷಗಾನ ಬಯಲಾಟಗಳಲ್ಲಿ ಕ್ಯಾಮೆರಾ ಫ್ಲ್ಯಾಶ್ ಹಾವಳಿ ಜಾಸ್ತಿಯಾಗಿದೆ. ಮೊನ್ನೆ ಪ್ರವೇಶದ ಹೊತ್ತಿಗೇ ಮೂರು ಫ್ಲ್ಯಾಶ್ ಒಟ್ಟಿಗೆ ಹೊಡೆದು ವೇಷಧಾರಿ ಕಣ್ಣು ಮುಚ್ಚಿಕೊಂಡರು. ಅವರು ಕುಣಿಯುವುದಾದರೂ ಹೇಗೆ?

ನಾನೂ ಫೋಟೊ ಹುಚ್ಚಿನವನೇ. ಕಳೆದ ವರ್ಷ ಅಗಲ ನೋಟದ 24 ಎಂಎಂ ಎಫ್/1.4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಜೂಮ್ ಇಲ್ಲ, ಭಾರ ಬೇರೆ. ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು! ಆದರೆ ಎಫ್/2.8 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚಿಕೊಳ್ಳುವ ಕಲಾವಿದ, ಕೈಯಲ್ಲಿನ ಕನ್ನಡಿ, ಹಿಂದಿಟ್ಟ ಕಿರೀಟ, ಎಲ್ಲ ಒಂದೇ ಬಲ್ಬಿನ ಬೆಳಕಿನಲ್ಲಿ ಸಿಗುತ್ತವೆ. ತೀರಾ ಹತ್ತಿರ ಹೋದರೆ ಅಂಚಿನಲ್ಲಿದ್ದವರ ಮುಖ ಎಳೆದಂತೆ ಕಾಣುತ್ತದೆ, ಅದೊಂದು ಕಿರಿಕಿರಿ.

ಇಂಥ ಲೆನ್ಸ್ ಇಲ್ಲದವರು ಕ್ಯಾಮೆರಾದ ಐಎಸ್ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಲಿ. ಚಿತ್ರ ಸ್ವಲ್ಪ ತರಿತರಿಯಾದರೆ ಆಗಲಿ ಬಿಡಿ. ಸಂಘಟಕರು ಆಟ ಶುರುವಾಗುವ ಮೊದಲೇ ಮೈಕಿನಲ್ಲಿ ಫ್ಲ್ಯಾಶ್ ಬೇಡವೆಂದು ಹೇಳಿಬಿಡಲಿ.

– ಒಬ್ಬ ಹವ್ಯಾಸಿ ಛಾಯಾಗ್ರಾಹಕ, ಕುಂದಾಪುರ