ಜಾಮೀನು ನಿಂತವರಿಗೆ, ಜೊತೆ ನಿಂತವರಿಗೆ

ಈ ಅಕ್ಟೋಬರಿಗೆ ನಾನು ಊರು ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿ ಹತ್ತು ವರ್ಷ ತುಂಬಿತು. ಓದಿಗಾಗಿ ಪಡೆದ ಸಾಲ ತೀರಿದೆ, ಕೆಲಸ ಕಾಯಂ ಆಗಿದೆ, ಅಮ್ಮ ಬೀಡಿ ಕಟ್ಟುವುದನ್ನು ನಿಲ್ಲಿಸಿದ್ದಾರೆ. ಇಷ್ಟು ಆಗಬೇಕಾದರೆ ಉಡುಪಿಯ ಹತ್ತಿರದ ನಮ್ಮ ಕಟಪಾಡಿ ಸುತ್ತಮುತ್ತಲಿನ ಹಲವರು ತಮ್ಮ ದುಡ್ಡನ್ನೂ ಸಹಿಯನ್ನೂ ಸಮಯವನ್ನೂ ಕೊಟ್ಟಿದ್ದಾರೆ, ಮತ್ತು ಅವರಲ್ಲಿ ಯಾರೂ ಅದನ್ನು ಒಮ್ಮೆಯೂ ನೆನಪಿಸಿದವರಲ್ಲ. ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ನಾಲ್ಕು ಜನರಿಗೆ ತಿಳಿಯುವಂತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆದರೆ ಸಂಕೋಚಪಟ್ಟುಕೊಳ್ಳುವವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಬರೆದಿಲ್ಲ.

ಮೊದಲ ಕೃತಜ್ಞತೆ ಅಮ್ಮನಿಗೆ, ಮತ್ತು ಅವರೊಂದಿಗೆ ನಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ನೆರೆಕರೆಯ ಹೆಂಗಸರಿಗೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು ಬೀಡಿಯ ದುಡ್ಡಿನಿಂದಲೇ ನಡೆದಿದೆ. ಆ ದುಡ್ಡು ಎಷ್ಟು ನಿಧಾನವಾಗಿ ಕೂಡುತ್ತದೆ ಎಂಬುದು ಜೊತೆಗಿದ್ದು ನೋಡಿದವರಿಗೆ ಮಾತ್ರ ಗೊತ್ತು. ಬೀಡಿ ಕಂಪೆನಿಯ ಬ್ರಾಂಚಿನಿಂದ ತಂದ ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುತ್ತಿ, ನೂಲು ಕಟ್ಟಿ, ಲೆಕ್ಕ ಮಾಡಿ ಬ್ರಾಂಚಿಗೆ ಒಪ್ಪಿಸಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಚೆನ್ನಾಗಿಲ್ಲದ ವಾರ ಬೀಡಿ ಕಡಿಮೆ ಬಿದ್ದರೆ ಆ ನಷ್ಟವೂ ಕಟ್ಟುವವರದ್ದೇ. ಪರೀಕ್ಷೆಯ ದಿನಗಳಲ್ಲಿ ನನ್ನನ್ನು ಎಲೆ ಕತ್ತರಿಸಲು ಕರೆಯದೆ, ನನ್ನ ಪಾಲಿನ ಕೆಲಸವನ್ನೂ ಆ ಹೆಂಗಸರೇ ಮಾತಿಲ್ಲದೆ ಹಂಚಿಕೊಂಡು ಮುಗಿಸುತ್ತಿದ್ದರು.

ಅಮ್ಮನ ಉಳಿತಾಯವೆಂದರೆ ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಹಣ ಸಂಗ್ರಹಿಸುವ ಈ ಯೋಜನೆಯನ್ನು ಆರಂಭಿಸಿದ್ದು ಬೀಡಿ ಕಟ್ಟುವವರು, ಹೂ ಮಾರುವವರು, ಮೀನು ಮಾರುವವರಂಥ ದಿನದ ದುಡಿಮೆಯ ಜನರಿಗೆ ಎಷ್ಟು ಆಧಾರವಾಯಿತೆಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ನನ್ನ ಪರೀಕ್ಷೆಗಳ ಶುಲ್ಕವೂ ವಿಮಾನದ ಟಿಕೇಟೂ ಅದೇ ಖಾತೆಯಿಂದ ಬಂದವು. ಮಳೆಗಾಲದಲ್ಲಿಯೂ ತಪ್ಪದೆ ಬರುತ್ತಿದ್ದ ಪಿಗ್ಮಿ ಕಲೆಕ್ಟರರಿಗೆ ನನ್ನ ನಮಸ್ಕಾರ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ದೂರದಲ್ಲಿದ್ದ ನನಗೂ ಮನೆಯವರೊಬ್ಬರು ಹೋದಷ್ಟು ನೋವಾಗಿತ್ತು.

ನಮ್ಮ ಹೈಸ್ಕೂಲಿನ ಮಾಸ್ಟ್ರಿಗೆ ಹೇಗೆ ಕೃತಜ್ಞತೆ ಹೇಳಬೇಕೆಂಬುದು ನನಗೆ ಇಂದಿಗೂ ತೋಚುವುದಿಲ್ಲ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯ ಕೆಳಗೆ ನಮ್ಮಂಥವರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಗುತ್ತದೆ ಎಂಬುದನ್ನು ತಿಳಿಸಿ, ಅಮ್ಮನ ಗುರುತುಚೀಟಿಯ ಪ್ರತಿಯನ್ನು ಲಗತ್ತಿಸಿ, ಪ್ರತಿವರ್ಷ ಅರ್ಜಿ ತುಂಬಿ ಕಳುಹಿಸುತ್ತಿದ್ದವರು ಅವರೇ. ಮುಂದೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ನೀರಿನ ವಿಷಯದಲ್ಲಿ ಸ್ನಾತಕೋತ್ತರ ಓದಿಗೆ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಿಂದ ಕರೆ ಬಂದಾಗ ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕಿತ್ತು. ಆಗ ಆ ಮೊತ್ತ 8,040 ಯೂರೋ, ನಮ್ಮ ಲೆಕ್ಕದಲ್ಲಿ ಸುಮಾರು ಆರು ಲಕ್ಷ ರೂಪಾಯಿ. ಅದಕ್ಕೆ ಶಿಕ್ಷಣ ಸಾಲವೊಂದೇ ದಾರಿ. ಆಗ ನಾಲ್ಕು ಲಕ್ಷ ಮೀರಿದ ಸಾಲಕ್ಕೆ ಮೂರನೆಯವರ ಜಾಮೀನು ಬೇಕಿತ್ತು, ಏಳೂವರೆ ಲಕ್ಷ ಮೀರಿದರೆ ಆಸ್ತಿಯನ್ನೇ ಅಡವಿಡಬೇಕಿತ್ತು. ನಮಗಿದ್ದದ್ದು ಐದು ಸೆಂಟ್ಸ್ ಜಾಗ ಮತ್ತು ಅಪ್ಪನ ಹಳೆಯ ರಿಕ್ಷಾ. ನಿವೃತ್ತಿಗೆ ಹತ್ತಿರವಾಗಿದ್ದ, ತಮ್ಮದೇ ಮಗಳ ಮದುವೆ ಎದುರಿಗಿದ್ದ ಮಾಸ್ಟ್ರು ತಮ್ಮ ಸಂಬಳದ ಪತ್ರ ಹಿಡಿದುಕೊಂಡು ಬ್ಯಾಂಕಿಗೆ ಬಂದು ಜಾಮೀನಿಗೆ ಸಹಿ ಹಾಕಿದರು. ಸಾಲಗಾರ ಕಟ್ಟದಿದ್ದರೆ ಜಾಮೀನುದಾರನೇ ಕಟ್ಟಬೇಕೆಂಬುದನ್ನು ಮ್ಯಾನೇಜರು ಅವರಿಗೆ ವಿವರಿಸಿದಾಗ, "ಗೊತ್ತುಂಟು, ನೀವು ಕಾಗದ ಕೊಡಿ" ಎಂದಷ್ಟೇ ಹೇಳಿದರು. ಉಳಿದ ಕೊರತೆಯನ್ನು ತುಂಬಿದವರು ದೊಡ್ಡಮ್ಮ. ಶಂಕರಪುರದ ಕಟ್ಟೆಯಲ್ಲಿ ದಿನದಿನ ಏರಿಳಿಯುವ ಮಲ್ಲಿಗೆಯ ದರವನ್ನೇ ನಂಬಿ ಬದುಕಿದ ಅವರು, ಅಟ್ಟೆಗೆ (ಮಲ್ಲಿಗೆ ಮಾರುವ ಕಟ್ಟಿಗೆ) ಒಳ್ಳೆಯ ಬೆಲೆ ಸಿಕ್ಕಿದ ಆ ಶ್ರಾವಣದ ಹಣವನ್ನು ಹಾಗೆಯೇ ತಂದು ಅಮ್ಮನ ಕೈಗೆ ಕೊಟ್ಟರು.

ನನ್ನನ್ನು ಶುಲ್ಕವಿಲ್ಲದೆ ಓದಿಸಿದ ಜರ್ಮನಿಯ ತೆರಿಗೆದಾರರಿಗೂ ನಾನು ಋಣಿ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಲು ಆರಂಭಿಸಿದ್ದು 2017ರ ಚಳಿಗಾಲದ ಸೆಮಿಸ್ಟರಿನಿಂದ. ಅದಕ್ಕಿಂತ ಮೊದಲೇ ಸೇರಿದ್ದರಿಂದ ನಾನು ಓದಲು ಸಾಧ್ಯವಾಯಿತು. ಅಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವೃದ್ಧೆ, ಆ ಕಡೆಯ ಪದ್ಧತಿಯಂತೆ ವಾರದ ಸರದಿಯಲ್ಲಿ ಮೆಟ್ಟಿಲು ಗುಡಿಸುವುದನ್ನು ಕಲಿಸುತ್ತ ಜರ್ಮನ್ ಮಾತನ್ನೂ ಕಲಿಸಿದರು. ಹತ್ತಿರದ ಎಸ್ಲಿಂಗೆನ್‌ನಲ್ಲಿ ಸೇರುತ್ತಿದ್ದ ಕನ್ನಡದ ಗೆಳೆಯರು ಮೊದಲ ಚಳಿಗಾಲದಲ್ಲಿ ನನ್ನನ್ನು ಒಂಟಿಯಾಗಿರಲು ಬಿಡಲಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ ಎಂಬುದನ್ನು ಅವರಿಂದಲೇ ತಿಳಿದೆ. ಆ ಬಳಿಕ ಅಲ್ಲಿನ ಬೀದಿಗಳು ನನಗೆ ಅಷ್ಟು ಅಪರಿಚಿತವೆನಿಸಲಿಲ್ಲ.

ಈ ಹತ್ತು ವರ್ಷಗಳಲ್ಲಿ ಅತ್ಯಂತ ಕಠಿಣವಾದದ್ದು 2020ರ ಏಪ್ರಿಲ್. ಮಾರ್ಚ್ ಕೊನೆಯ ವಾರದಿಂದ ಭಾರತಕ್ಕೆ ಬರುವ ಪ್ರಯಾಣಿಕರ ವಿಮಾನಗಳು ನಿಂತಿದ್ದವು. ಹೊರದೇಶಗಳಲ್ಲಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹಾರತೊಡಗಿದ್ದು ಮೇ 7ರಿಂದ. ಅವೆರಡರ ನಡುವೆ ಅಪ್ಪನಿಗೆ ಹೃದಯಾಘಾತವಾಯಿತು. ರಿಕ್ಷಾ ಸ್ಟ್ಯಾಂಡಿನ ಅವರ ಗೆಳೆಯರು ಲಾಕ್‌ಡೌನಿನ ರಾತ್ರಿಯಲ್ಲಿ, ದಾರಿಯ ತಪಾಸಣೆಗಳನ್ನೆಲ್ಲ ದಾಟಿ ಅವರನ್ನು ಮಣಿಪಾಲಕ್ಕೆ ಕರೆದೊಯ್ದರು. ಅಪ್ಪ ಉಳಿಯಲಿಲ್ಲ. ಅಂತ್ಯಸಂಸ್ಕಾರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಬಾರದೆಂಬ ನಿಯಮವಿದ್ದಾಗ, ನಾನು ಮಾಡಬೇಕಾಗಿದ್ದ ಎಲ್ಲವನ್ನೂ ದೊಡ್ಡಮ್ಮನ ಮಗ, ನನ್ನ ಅಣ್ಣ, ಮಾಡಿದರು. ಉತ್ತರಕ್ರಿಯೆಯನ್ನೂ ಅವರೇ ಮುಗಿಸಿದರು. ಬ್ರಾಂಚು ಮುಚ್ಚಿ ಯಾರ ಮನೆಯಲ್ಲಿಯೂ ಸಂಪಾದನೆ ಇರಲಿಲ್ಲ. ಆದರೂ ಅಮ್ಮ ಒಂದು ರಾತ್ರಿಯೂ ಒಬ್ಬರೇ ಮಲಗದಂತೆ ನೆರೆಕರೆಯ ಹೆಂಗಸರು ಸರದಿ ಹಾಕಿಕೊಂಡು ಬಂದರು, ತಮ್ಮ ರೇಷನ್ ಅಕ್ಕಿಯಲ್ಲಿ ಪಾಲು ತಂದರು. ನಾನು ಊರು ತಲುಪಿದ್ದು ಆ ವರ್ಷದ ಕೊನೆಯಲ್ಲಿ. ಅಷ್ಟರವರೆಗೆ ಅಮ್ಮನನ್ನು ಉಳಿಸಿಕೊಟ್ಟವರು ಇವರು, ಮತ್ತು ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ನನಗೆ ಮಾಡಿಲ್ಲ.

ಮಾಸ್ಟ್ರಿಗೆ ಏನಾದರೂ ಕೊಡಬೇಕೆಂದು ಈ ಬಾರಿ ಕೇಳಿದಾಗ, ಶಾಲೆಯ ಮಕ್ಕಳಲ್ಲಿ ಮುಂದೆ ಓದುವವರಿಗೆ ದಾರಿ ಹೇಳು ಎಂದರು. ಆದ್ದರಿಂದ ಕಟಪಾಡಿ, ಶಂಕರಪುರ, ಶಿರ್ವದ ಕಡೆಯ ಬೀಡಿ ಕಾರ್ಮಿಕರ ಮನೆಯ ಮಕ್ಕಳಿಗೆ ಈ ಮಾತು: ಜರ್ಮನಿಗೆ ಹೊರಡುವವರು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೋ ಆಗಿದೆ, 2022ರ ನವೆಂಬರಿನಿಂದ ನಮ್ಮ ಅಂಕಪಟ್ಟಿ, ಪದವಿಗಳು ನಿಜವೆಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರವೂ ಬೇಕಾಗಿದೆ. ಅರ್ಜಿ, ಸಾಲದ ಕಾಗದಪತ್ರ, ಕೋಣೆಯ ಹುಡುಕಾಟ, ಯಾವುದರಲ್ಲಿ ತೊಡಕಾದರೂ ಮಾಸ್ಟ್ರ ಮೂಲಕ ನನಗೆ ತಿಳಿಸಿರಿ. ಜಾಮೀನಿನ ಸಹಿಗೆ ಜನ ಸಿಗದಿದ್ದರೆ ಅದನ್ನೂ ಹೇಳಿರಿ. ದೊಡ್ಡಮ್ಮನ ಮಗ ಅಣ್ಣನೊಂದಿಗೆ ಮಾತನಾಡಿದ್ದೇನೆ, ಅವರು ಸಹಿ ಹಾಕಲು ಒಪ್ಪಿದ್ದಾರೆ, ಕಂತು ತಪ್ಪಿದರೆ ಕಟ್ಟುವ ಹೊಣೆ ನನ್ನದು.